ಹೊಸ ಕಾರ್ಡ್ ಹಾಕಿದರು, ಇದ್ದ ನೆಟ್ಟೂ ಹೋಯಿತು

ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಸುತ್ತ, ಅತ್ತಿಗುಪ್ಪೆ, ಹಂಪಿನಗರದ ಕಡೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೊಂದು ಕ್ಯಾಮೆರಾ, ಅಟ್ಟದ ಮೂಲೆಯಲ್ಲಿ ದೃಶ್ಯ ರೆಕಾರ್ಡ್ ಮಾಡುವ, ಧೂಳು ಹಿಡಿದ ಡಿವಿಆರ್ ಪೆಟ್ಟಿಗೆ ಈಗ ಮಾಮೂಲು. ಹೆಚ್ಚು ಜನ ಸೇರುವ ಕಡೆ ಕ್ಯಾಮೆರಾ ಇರಬೇಕು, ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕು ಎಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಕಾಯ್ದೆಗಿಂತ ಮಾಲೀಕರಿಗೆ ಮುಖ್ಯವಾದದ್ದು ಮಾತ್ರ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅಂಗಡಿ ನೋಡುವುದು. ಅದು ತಡವರಿಸಿದ ದಿನ ‘ನೆಟ್‌ವರ್ಕ್ ಕಾರ್ಡ್ ಬದಲಾಯಿಸಿಬಿಡೋಣ’ ಎಂಬ ಸಲಹೆ ಬರುತ್ತದೆ. ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ದೂರವಿಲ್ಲ. ಕಾರ್ಡ್ ಬರುತ್ತದೆ, ಇದ್ದ ನೆಟ್ ಹೋಗುತ್ತದೆ.

ಮೊದಲು ಪೆಟ್ಟಿಗೆ ಯಾವ ಜಾತಿಯದು ನೋಡಬೇಕು. ಇಂದಿನ ಸಾಮಾನ್ಯ ಡಿವಿಆರ್‌ಗಳಲ್ಲಿ ಲ್ಯಾನ್ ಪೋರ್ಟ್ ಮುಖ್ಯ ಬೋರ್ಡಿಗೇ ಬೆಸೆದಿರುತ್ತದೆ, ಬದಲಾಯಿಸಲು ಕಾರ್ಡೇ ಇಲ್ಲ. ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಬಹುದು. ಆದರೆ ಅದರೊಳಗಿನ ಚಿಪ್‌ಗೆ ಬೇಕಾದ ಡ್ರೈವರ್ ಡಿವಿಆರ್‌ನ ಫರ್ಮ್‌ವೇರ್‌ನಲ್ಲಿ ಇಲ್ಲದಿದ್ದರೆ ದೀಪ ಮಿನುಗುತ್ತದೆಯೇ ಹೊರತು ಮಾತುಕತೆ ಆಗದು. ಹಳೆಯ, ಕಂಪ್ಯೂಟರಿಗೇ ಕ್ಯಾಪ್ಚರ್ ಕಾರ್ಡ್ ಹಾಕಿ ಮಾಡಿದ ಡಿವಿಆರ್‌ಗಳಲ್ಲಿ ಮಾತ್ರ ನಿಜಕ್ಕೂ ಕಾರ್ಡ್ ಬದಲಾಯಿಸಬಹುದು.

ಈ ತಾಪತ್ರಯ ಡಿವಿಆರ್‌ನಷ್ಟೇ ಹಳೆಯದು. 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟಿವೊ ಎಂಬ ಟಿವಿ ರೆಕಾರ್ಡರಿಗೆ ನೆಟ್‌ವರ್ಕ್ ಪೋರ್ಟೇ ಇರಲಿಲ್ಲ, ಫೋನ್ ಮೋಡೆಮ್ ಒಂದೇ ಗತಿ. ಹವ್ಯಾಸಿಗಳು ಮುಚ್ಚಳ ಬಿಚ್ಚಿ ಈಥರ್‌ನೆಟ್ ಕಾರ್ಡ್ ಸಿಕ್ಕಿಸಿದರು. ಸಾಂಬಾ ತಂತ್ರಾಂಶ ಬರೆದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಅವರಲ್ಲಿ ಒಬ್ಬರು. ಅಲ್ಲಿಯೂ ಕಾರ್ಡ್ ಕೂರಿಸುವುದು ಅರ್ಧ ಕೆಲಸ, ಒಳಗಿನ ಲಿನಕ್ಸ್‌ಗೆ ಡ್ರೈವರ್ ತುಂಬುವುದು ಉಳಿದರ್ಧ.

ಡ್ರೈವರ್ ಸರಿಯಿದ್ದೂ ನೆಟ್ ಬಾರದಿದ್ದರೆ ಕೈಯಿಡಬೇಕಾದದ್ದು ವಿಳಾಸಕ್ಕೆ. ಪ್ರತಿ ಕಾರ್ಡಿಗೂ ತನ್ನದೇ ಮ್ಯಾಕ್ ವಿಳಾಸ ಇರುತ್ತದೆ. ಹಳೆಯ ಕಾರ್ಡಿಗೆ ಕ್ಯಾಮೆರಾದವನು ಒಂದು ಸ್ಥಿರ ಐಪಿ ಕೊಟ್ಟು, ರೂಟರ್‌ನಲ್ಲಿ ಅದಕ್ಕೇ ದಾರಿ ತೆರೆದಿರುತ್ತಾನೆ. ಹೊಸ ಕಾರ್ಡ್ ಬಂದಾಗ ಕಂಪ್ಯೂಟರ್ ಡಿವಿಆರ್‌ನ ವಿಂಡೋಸ್ ಅದನ್ನು ಬೇರೆಯದೇ ಸಾಧನವೆಂದು ಎಣಿಸಿ ರೂಟರ್ ಕೊಟ್ಟ ಯಾವುದೋ ಐಪಿಯನ್ನು ಹಿಡಿಯುತ್ತದೆ. ರೂಟರ್ ಪಾಪ, ಖಾಲಿಯಾದ ಮನೆಗೇ ಕಾಗದ ಹಾಕುತ್ತಿರುತ್ತದೆ. ಹಳೆಯ ಐಪಿಯನ್ನೇ ಮತ್ತೆ ಕೊಡಲು ಹೋದರೆ ‘ಇದು ಬೇರೊಂದು ಅಡಾಪ್ಟರ್‌ಗೆ ಸೇರಿದೆ’ ಎಂಬ ತಕರಾರು ಬರಬಹುದು. ಕಿತ್ತ ಕಾರ್ಡಿನ ನೆನಪು ಒಳಗೆ ಇನ್ನೂ ಅಡಗಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸಲು ಹೇಳಿ ಅದನ್ನು ಅಳಿಸಬೇಕು. ಹಳೆಯ ಲಿನಕ್ಸ್ ಡಿವಿಆರ್‌ಗಳಲ್ಲಿ ಹೊಸ ಕಾರ್ಡಿಗೆ ಸೊನ್ನೆಯ ಬದಲು ಒಂದನೇ ಸಂಖ್ಯೆಯ ಹೆಸರು ಬೀಳುವುದೂ ಇದೇ ಕಾರಣಕ್ಕೆ.

ಬಹಳಷ್ಟು ಮಂದಿ ನೋಡದೆ ಬಿಡುವುದು ಗಡಿಯಾರ. ಕಾರ್ಡ್ ಹಾಕಲು ಕರೆಂಟ್ ತೆಗೆದಾಗ, ಬೋರ್ಡಿನ ಗುಂಡು ಬ್ಯಾಟರಿ ಸತ್ತಿದ್ದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹಾರುತ್ತದೆ. ದಿನಾಂಕ ತಪ್ಪಿದರೆ ಸುರಕ್ಷತಾ ಪ್ರಮಾಣಪತ್ರಗಳು ಒಪ್ಪಿಗೆಯಾಗವು, ಮೊಬೈಲ್ ಆ್ಯಪ್ ‘ಸಾಧನ ಆಫ್‌ಲೈನ್’ ಎನ್ನಬಹುದು. ಕಾರ್ಡಿನ ಮೇಲೆ ಅನುಮಾನ ಪಡುತ್ತ ಕೂರುತ್ತೇವೆ. ತಪ್ಪು ಸಮಯದ ರೆಕಾರ್ಡಿಂಗನ್ನು ಪೊಲೀಸರಿಗೆ ಕೊಡಬೇಕಾಗಿ ಬಂದರೆ ಪೇಚು ಬೇರೆ.

ನನ್ನನ್ನು ಕೇಳಿದರೆ ಈ ಬದಲಾವಣೆಗಳಲ್ಲಿ ಹೆಚ್ಚಿನವು ಬೇಕೇ ಇರಲಿಲ್ಲ. ಕೋಆಕ್ಸಿಯಲ್ ಕೇಬಲ್ಲಿನ ಕ್ಯಾಮೆರಾ ದೃಶ್ಯ ನೇರ ಡಿವಿಆರ್‌ಗೆ ಬಂದು ಹಾರ್ಡ್ ಡಿಸ್ಕ್ ಸೇರುತ್ತದೆ, ನೆಟ್‌ವರ್ಕ್ ಕಾರ್ಡನ್ನು ಮುಟ್ಟುವುದೇ ಇಲ್ಲ. ಒಂದು ಕ್ಯಾಮೆರಾಗೆ ಸುಮಾರು 4 ಎಂಬಿಪಿಎಸ್ ಎಂದುಕೊಂಡರೂ 8 ಕ್ಯಾಮೆರಾಗಳಿಗೆ 32. ಹಳೆಯ 100 ಎಂಬಿಪಿಎಸ್ ಪೋರ್ಟಿಗೆ ಅದೇನು ಭಾರವಲ್ಲ. ತಡವರಿಸುವುದು ಸಾಮಾನ್ಯವಾಗಿ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ. ಆ್ಯಪ್‌ನಲ್ಲಿ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ದೃಶ್ಯ) ಆರಿಸಿದರೆ ದುಡ್ಡಿಲ್ಲದೆ ಗುಣ ಕಾಣಬಹುದು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಪೋರ್ಟ್ ಸುಟ್ಟು, ಬೇರೆ ಕೇಬಲ್ ಹಾಕಿದರೂ ದೀಪ ಹತ್ತದಿದ್ದರೆ ಮಾತು ಬೇರೆ.

ಇನ್ನೊಂದು ಎಚ್ಚರಿಕೆ. ನೆಟ್ ಬರಲೆಂದು ಡಿವಿಆರ್ ಅನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಹುಟ್ಟು ಪಾಸ್‌ವರ್ಡಿಗೇ ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆ ಬಿಟ್ಟ ಡಿವಿಆರ್, ಕ್ಯಾಮೆರಾಗಳನ್ನೇ ಹಿಡಿದು ದೊಡ್ಡ ಜಾಲತಾಣಗಳನ್ನು ಮಲಗಿಸಿತ್ತು. ಪೆಟ್ಟಿಗೆ ಬಿಚ್ಚುವ ಮೊದಲು ಹಳೆಯ ಐಪಿ, ಗೇಟ್‌ವೇ, ಪೋರ್ಟ್ ಸಂಖ್ಯೆಗಳ ಪರದೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಬೇಕಾದ ದೃಶ್ಯಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಹಳೆಯ ಕಾರ್ಡನ್ನು, ಹೊಸದು ಸರಿಯಾಗಿ ಓಡುವವರೆಗೆ, ಗುಜರಿಗೆ ಹಾಕಬೇಡಿ.