ಪಥ್ಯದ ಪರಿಕಲ್ಪನೆ ಮತ್ತು ಕ್ಯಾನ್ಸರ್ ಚಿಕಿತ್ಸೆ: ದಾವಣಗೆರೆ–ಹರಿಹರ ಪರಿಸರವನ್ನು ಅನುಲಕ್ಷಿಸಿ

ನಾಟಿವೈದ್ಯರು ಬೇರು, ತೊಗಟೆ ಅಥವಾ ಸೊಪ್ಪಿನ ರಸವನ್ನು ಕೊಟ್ಟಾಗ ರೋಗಿಯ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ ‘ಪಥ್ಯ ಏನು?’ ಎಂಬುದು. ಹುಳಿ ಬಿಡಬೇಕು, ಬದನೆಕಾಯಿ ತಿನ್ನಬಾರದು ಎಂಬಂತಹ ಕಟ್ಟಳೆಗಳು ಔಷಧದ ಜೊತೆಯಲ್ಲಿಯೇ ಬರುತ್ತವೆ. ಅವುಗಳನ್ನು ಮೀರಿದರೆ ಔಷಧದ ಗುಣ ಮುರಿಯುತ್ತದೆ ಎಂಬುದು ಜನಪದರ ನಂಬಿಕೆ. ಈ ಕಟ್ಟಳೆಗಳೆಲ್ಲವೂ ವೈಜ್ಞಾನಿಕ ಪರೀಕ್ಷೆಯಲ್ಲಿ ನಿಲ್ಲುತ್ತವೆ ಎನ್ನಲಾಗದು. ಆದರೆ ಅವುಗಳ ಹಿಂದಿರುವ ತಿಳಿವಳಿಕೆ ಮೌಲಿಕವಾದುದು. ತನ್ನಷ್ಟಕ್ಕೆ ಒಳ್ಳೆಯದಾದ ಪದಾರ್ಥವೂ ಒಂದು ನಿರ್ದಿಷ್ಟ ಔಷಧದ ಜೊತೆ ಸೇರಿದಾಗ ಕೇಡು ಮಾಡಬಹುದು ಎಂಬುದೇ ಆ ತಿಳಿವಳಿಕೆ. ಕ್ಯಾನ್ಸರ್ ಚಿಕಿತ್ಸೆಯ ಅವಧಿಯಲ್ಲಿ ಸೇವಿಸುವ ಜೀವಸತ್ವದ ಮಾತ್ರೆಗಳ ಸಂದರ್ಭದಲ್ಲಿ ಇದನ್ನು ಮತ್ತೆ ನೆನಪಿಸಿಕೊಳ್ಳಬೇಕಾಗಿದೆ.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದ ಮೇಲೆ ದಾವಣಗೆರೆ ನಗರವು ಮಧ್ಯ ಕರ್ನಾಟಕದ ಪ್ರಮುಖ ವೈದ್ಯಕೀಯ ಕೇಂದ್ರವಾಗಿ ಬೆಳೆಯಿತು. ತುಂಗಭದ್ರಾ ತೀರದ ಹರಿಹರ ಇಲ್ಲಿಗೆ ಅತಿ ಸಮೀಪದ ಊರು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಗೆ ರಾಜ್ಯಮಟ್ಟದ ಆಸರೆಯಾಗಿದೆ. ಚಿಕಿತ್ಸೆ ಎಲ್ಲಿಯೇ ನಡೆಯಲಿ, ಕಿಮೊಥೆರಪಿಯ ಔಷಧಗಳನ್ನು ಸಾಮಾನ್ಯವಾಗಿ ಎರಡು ಮೂರು ವಾರಗಳಿಗೊಮ್ಮೆ ಕೊಡಲಾಗುತ್ತದೆ. ನಡುವಿನ ದಿನಗಳಲ್ಲಿ ರೋಗಿ ಮನೆಯಲ್ಲಿರುತ್ತಾನೆ. ವಾಂತಿ, ನಿಶ್ಶಕ್ತಿ, ಕೂದಲು ಉದುರುವಿಕೆಯನ್ನು ಕಂಡು ಮರುಗುವ ಮನೆಯವರು ‘ಶಕ್ತಿ ಬರಲಿ’ ಎಂದು ನೆಲ್ಲಿಕಾಯಿ, ಅರಿಶಿನದ ಹಾಲು, ಅಮೃತಬಳ್ಳಿಯ ಕಷಾಯಗಳ ಜೊತೆಗೆ ಔಷಧದಂಗಡಿಯಿಂದ ‘ಸಿ’, ‘ಇ’ ಜೀವಸತ್ವದ ಮಾತ್ರೆಗಳನ್ನು ತಂದುಕೊಡುವುದು ಸಹಜ. ನಾಟಿ ಔಷಧಕ್ಕೆ ಪಥ್ಯವುಂಟು; ಶಕ್ತಿಯ ಮಾತ್ರೆಗೆ ಪಥ್ಯವಿಲ್ಲ. ಅದನ್ನು ಔಷಧವೆಂದೇ ಎಣಿಸದಿರುವುದರಿಂದ ವೈದ್ಯರಿಗೆ ತಿಳಿಸುವ ಪ್ರಶ್ನೆಯೂ ಏಳುವುದಿಲ್ಲ. ಅಪಾಯ ಇರುವುದು ಇಲ್ಲಿಯೇ.

‘ಸಿ’ ಮತ್ತು ‘ಇ’ ಜೀವಸತ್ವಗಳು ಹಾಗೂ ಬೀಟಾ ಕೆರೋಟಿನ್ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು. ದೇಹದಲ್ಲಿ ಹುಟ್ಟುವ ಅತಿ ಚುರುಕಾದ ಆಮ್ಲಜನಕದ ಅಣುಗಳು ಜೀವಕೋಶಗಳನ್ನು ಹಾಳುಮಾಡದಂತೆ ಇವು ತಡೆಯುತ್ತವೆ. ವಿಕಿರಣ ಚಿಕಿತ್ಸೆಯೂ ಬ್ಲಿಯೊಮೈಸಿನ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್‌ಗಳಂತಹ ಔಷಧಗಳೂ ಭಾಗಶಃ ಅಂತಹ ಅಣುಗಳನ್ನು ಹುಟ್ಟಿಸಿಯೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಆದುದರಿಂದ ಆರೋಗ್ಯವಂತ ಕೋಶಕ್ಕೆ ಕಾವಲಾಗುವ ಮಾತ್ರೆಯು ರೋಗದ ಕೋಶಕ್ಕೂ ಕಾವಲಾಗಬಹುದು.

ಇದು ಕೇವಲ ತರ್ಕವಲ್ಲ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 540 ಮಂದಿಯ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ‘ಇ’ ಜೀವಸತ್ವ ಮತ್ತು ಬೀಟಾ ಕೆರೋಟಿನ್ ಎರಡನ್ನೂ ಪಡೆದವರಲ್ಲಿ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮಗಳು ಕಡಿಮೆಯಾದವು. ಆದರೆ ಮಾತ್ರೆ ಪಡೆದವರಲ್ಲಿ ರೋಗ ಮರುಕಳಿಸುವ ಪ್ರವೃತ್ತಿ ಹೆಚ್ಚಾಗಿ ತೋರಿತು. ಚಿಕಿತ್ಸೆಯ ವೇಳೆ ಧೂಮಪಾನ ಮುಂದುವರಿಸಿದವರಲ್ಲಿ ಈ ಕೇಡು ಕಂಡಿತೆಂದು ಅನಂತರದ ವಿಶ್ಲೇಷಣೆ ತಿಳಿಸಿತು. ಸ್ತನ ಕ್ಯಾನ್ಸರಿನ 1134 ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಮೊಥೆರಪಿಗೆ ಮುನ್ನ ಮತ್ತು ಅದರ ಜೊತೆಗೆ ಉತ್ಕರ್ಷಣ ನಿರೋಧಕಗಳನ್ನು ಸೇವಿಸಿದವರಲ್ಲಿ ರೋಗ ಮರುಕಳಿಸುವ ಅಪಾಯ ಶೇ. 41ರಷ್ಟು ಹೆಚ್ಚಾಗಿ ಕಂಡಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಅಂತಿಮ ತೀರ್ಮಾನವಲ್ಲವಾದರೂ ಎಚ್ಚರಿಕೆಗೆ ಸಾಕಾದ ಆಧಾರ.

ಅಡುಗೆಮನೆಯ ಅರಿಶಿನಕ್ಕೂ ಈ ಮಾತು ಸಂಬಂಧಿಸುತ್ತದೆ. ಅರಿಶಿನದ ಸಾರವಾದ ಕರ್ಕ್ಯುಮಿನ್ ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಸೈಕ್ಲೊಫಾಸ್ಫಮೈಡ್ ಔಷಧದಿಂದ ಗೆಡ್ಡೆ ಕುಗ್ಗುವುದಕ್ಕೆ ಅಡ್ಡಿಯಾಯಿತೆಂದು 2002ರ ಸಂಶೋಧನೆಯೊಂದು ತೋರಿಸಿತು. ಇಲಿಗಳ ಫಲಿತಾಂಶ ಮನುಷ್ಯರಿಗೆ ನೇರವಾಗಿ ಅನ್ವಯಿಸದು. ಸಾರಿಗೆ ಹಾಕುವ ಚಿಟಿಕೆ ಅರಿಶಿನ, ತುಳಸಿ ಪೂಜೆಯ ನೆಲ್ಲಿಕಾಯಿ ಆಹಾರದ ಪ್ರಮಾಣದವು, ಅವುಗಳಿಗೆ ಅಂಜಬೇಕಾಗಿಲ್ಲ. ಸಾರವನ್ನು ಸಾಂದ್ರಗೊಳಿಸಿದ ಮಾತ್ರೆ, ಪುಡಿಗಳ ಮಾತು ಬೇರೆ.

ಹಾಗೆಂದು ಜೀವಸತ್ವಗಳೆಲ್ಲವೂ ವರ್ಜ್ಯವೆಂದು ತಿಳಿಯಬಾರದು. ಪೆಮೆಟ್ರೆಕ್ಸೆಡ್ ಎಂಬ ಔಷಧ ಕೊಡುವಾಗ ಅದರ ವಿಷಗುಣವನ್ನು ತಗ್ಗಿಸಲು ವೈದ್ಯರೇ ಫೋಲಿಕ್ ಆಮ್ಲ ಮತ್ತು ‘ಬಿ12’ ಜೀವಸತ್ವವನ್ನು ಕೊಡುತ್ತಾರೆ. ಅದೇ ಫೋಲಿಕ್ ಆಮ್ಲ ಕ್ಯಾಪೆಸಿಟಬಿನ್ ಔಷಧದ ಜೊತೆ ಸೇರಿದರೆ ವಿಷಗುಣ ಹೆಚ್ಚಬಹುದು. ಒಂದಕ್ಕೆ ಪಥ್ಯವಾದುದು ಇನ್ನೊಂದಕ್ಕೆ ಅಪಥ್ಯ. ಔಷಧಕ್ಕೆ ತಕ್ಕ ಪಥ್ಯವೆಂಬ ಜನಪದರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಹರಿಯಿಂದಾಗಲಿ ಹರನಿಂದಾಗಲಿ ಸಾಯದಂತೆ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದಾಗಿ ಸಂಹರಿಸಿದರೆಂಬುದು ಹರಿಹರದ ಸ್ಥಳಪುರಾಣ. ಎರಡು ಶಕ್ತಿಗಳು ಕೂಡಿದರೆ ಬಲ ಇಮ್ಮಡಿಯಾಗುತ್ತದೆ ಎಂಬ ಭಾವನೆ ಲೋಕದಲ್ಲಿ ಸಹಜವಾದುದು. ಶಕ್ತಿಯ ಮಾತ್ರೆಯನ್ನು ಔಷಧದ ಜೊತೆ ಸೇರಿಸುವುದರ ಹಿಂದೆಯೂ ಇಂತಹುದೇ ಭಾವನೆಯಿದೆ. ಆದರೆ ಪುರಾಣದಲ್ಲಿ ಕೂಡಿದ ಶಕ್ತಿಗಳಿಗೆ ವೈರಿ ಒಬ್ಬನೇ. ದೇಹದಲ್ಲಿ ಮಾತ್ರೆಯು ವೈರಿಯ ಪಕ್ಷವನ್ನೂ ಸೇರಬಹುದು. ಆದುದರಿಂದ ನಾಟಿವೈದ್ಯರ ಮುಂದೆ ಕೇಳುವ ‘ಪಥ್ಯ ಏನು?’ ಎಂಬ ಪ್ರಶ್ನೆಯನ್ನು ಕ್ಯಾನ್ಸರ್ ತಜ್ಞರ ಮುಂದೆಯೂ ಕೇಳಬೇಕು. ಮನೆಯಲ್ಲಿ ಕೊಡುವ ಮಾತ್ರೆ, ಪುಡಿ, ಕಷಾಯಗಳೆಲ್ಲವನ್ನೂ ಅವರಿಗೆ ತಿಳಿಸಬೇಕು. ವೈದ್ಯರೂ ಅದನ್ನು ಅಜ್ಞಾನವೆಂದು ಜರೆಯದೆ ವಿಚಾರಿಸಬೇಕು. ಜನಪದ ವೈದ್ಯದ ಮೂಲಿಕೆಗಳನ್ನು ಸಂಗ್ರಹಿಸುವಷ್ಟೇ ಆಸ್ಥೆಯಿಂದ ಅದರ ಪಥ್ಯವಿವೇಕವನ್ನೂ ದಾಖಲಿಸುವುದು ಸಂಶೋಧಕರ ಹೊಣೆಯಾಗಿದೆ.