ವೋಟಿಲ್ಲದವರ ವೋಟು ಕ್ಲಬ್
ಹೈಸ್ಕೂಲಲ್ಲಿ ಇಕೋ ಕ್ಲಬ್ ಗೊತ್ತು, ವಿಜ್ಞಾನ ಸಂಘ ಗೊತ್ತು. ಮತದಾರರ ಸಾಕ್ಷರತಾ ಕ್ಲಬ್ ಕೇಳಿದ್ದೀರಾ?

2018ರ ಜನವರಿ 25, ರಾಷ್ಟ್ರೀಯ ಮತದಾರರ ದಿನ. ಅವತ್ತು ಚುನಾವಣಾ ಆಯೋಗ ಈ ಕ್ಲಬ್‌ಗಳನ್ನು ಶುರುಮಾಡಿತು. ಶಾಲೆಗಳಲ್ಲಿ 9ರಿಂದ 12ನೇ ತರಗತಿಯವರು ಇದರ ಸದಸ್ಯರು. ಅಂದ್ರೆ, ಹೆಚ್ಚಿನವರಿಗೆ ಇನ್ನೂ ವೋಟೇ ಇಲ್ಲ!

ಆಟ ಆಡ್ತಾ ಚುನಾವಣೆ ಕಲಿಯೋದು ಇಲ್ಲಿನ ಪದ್ಧತಿ. ಅಣಕು ಮತದಾನ ಮಾಡಬಹುದು. ನೋಟಾ ಅಂದ್ರೇನು, ಹಾಕಿದ ವೋಟು ತೋರಿಸೋ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣೋದು ಯಾಕೆ ಅಂತ ಕೇಳಬಹುದು. ಬರೀ ಪ್ರತಿಜ್ಞೆ ಹೇಳಿಸಿ, ಫೋಟೋ ತೆಗೆಸಿ ಮುಗಿಸಿದರೆ ಮಾತ್ರ ವ್ಯರ್ಥ.

ನನಗೆ ಇದರಲ್ಲಿ ತುಂಬಾ ಉಪಯೋಗ ಅನ್ನಿಸೋ ಮಾಹಿತಿ ಇದು: 17 ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ಮುಂಗಡವಾಗಿ ಕೊಡಬಹುದು. 18 ಆದಮೇಲೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಇವುಗಳಲ್ಲಿ ಮೊದಲು ಬರುವ 1ನೇ ತಾರೀಖಿನ ಲೆಕ್ಕಕ್ಕೆ ಅರ್ಜಿ ಪರಿಶೀಲನೆಗೆ ಹೋಗುತ್ತೆ.