ಬಾಯಿಯ ಒಳಪೊರೆಯ ಮೂಲಕ ನೋವಿನ ಔಷಧ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಟ್ಟೆಗಳ ಮೇಲೆ ಅಂಗೈಯಲ್ಲಿ ತಂಬಾಕನ್ನೂ ಸುಣ್ಣವನ್ನೂ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವವರನ್ನು ನಾವು ದಿನವೂ ಕಾಣುತ್ತೇವೆ. ಸುಣ್ಣವೇಕೆಂದು ಕೇಳಿದರೆ, 'ಅದಿಲ್ಲಂದ್ರ ಏರಂಗಿಲ್ರೀ' ಎನ್ನುವರು. ಈ ಉತ್ತರದಲ್ಲಿ ರಸಾಯನಶಾಸ್ತ್ರದ ಪಾಠವೊಂದು ಅಡಗಿದೆ. ಸಹಜವಾದ ಜೊಲ್ಲಿನಲ್ಲಿ ನಿಕೋಟಿನ್ನಿನ ಬಹುಪಾಲು ಅಣುಗಳು ವಿದ್ಯುದಾವೇಶ ಹೊಂದಿ ನೀರಿನಲ್ಲಿಯೇ ಉಳಿಯುತ್ತವೆ. ಸುಣ್ಣದ ಕ್ಷಾರವು ಆ ಆವೇಶವನ್ನು ಕಳೆದೊಡನೆ ಅವು ಜಿಡ್ಡಿನಂಶವುಳ್ಳ ಲೋಳೆಪೊರೆಯನ್ನು ಸುಲಭವಾಗಿ ದಾಟುತ್ತವೆ. ಚಟವನ್ನು ನಾವು ಹೊಗಳುತ್ತಿಲ್ಲ. ಬಾಯಿಯ ಅರ್ಬುದರೋಗಕ್ಕೆ ಅದು ಮುಖ್ಯ ಕಾರಣಗಳಲ್ಲೊಂದು. ಆ ರೋಗಿಯ ನೋವೇ ನಮ್ಮ ವಿಷಯ.

ನುಂಗಿದ ಔಷಧವು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಸುಂಕದ ಕಟ್ಟೆಯಲ್ಲಿ ಸರಕು ಕರಗುವಂತೆ ಅಲ್ಲಿ ಅದರ ಬಲ ಕುಗ್ಗುತ್ತದೆ. ನುಂಗಿದ ಮಾರ್ಫೀನಿನಲ್ಲಿ ಸುಮಾರು ಮೂರನೆಯ ಒಂದಂಶ ಮಾತ್ರ ದೇಹದ ರಕ್ತಕ್ಕೆ ದಕ್ಕುತ್ತದೆ. ಕೆನ್ನೆ ಮತ್ತು ನಾಲಗೆಯಡಿಯ ಅಭಿಧಮನಿಗಳಾದರೋ ಯಕೃತ್ತನ್ನು ಹೊಗದೆ ಹೃದಯದ ಕಡೆಗೆ ಸಾಗುತ್ತವೆ. ೧೮೭೯ರಲ್ಲಿ ವಿಲಿಯಂ ಮರೆಲ್ ಹೃದಯಶೂಲೆಗೆ ಸೂಚಿಸಿದ ನೈಟ್ರೊಗ್ಲಿಸರಿನ್ ಇಂದಿಗೂ ನಾಲಗೆಯಡಿಯ ಗುಳಿಗೆಯಾಗಿ ಬಳಕೆಯಲ್ಲಿರುವುದು ಈ ಕಾರಣದಿಂದಲೇ.

ಎಲ್ಲ ಔಷಧಗಳಿಗೂ ಈ ದಾರಿ ತೆರೆದಿಲ್ಲ. ಮಾರ್ಫೀನು ಜಿಡ್ಡಿನಲ್ಲಿ ಸರಿಯಾಗಿ ಕರಗದು. ನಾಲಗೆಯಡಿ ಇಟ್ಟರೂ ಅದು ಬಹುಮಟ್ಟಿಗೆ ಗಂಟಲಿಗಿಳಿದ ಮೇಲೆಯೇ ಕೆಲಸ ಮಾಡುತ್ತದೆ. ಬ್ಯುಪ್ರೆನಾರ್ಫಿನ್, ಫೆಂಟನಿಲ್‌ಗಳು ಹಾಗಲ್ಲ. ಅಮೆರಿಕದಲ್ಲಿ ೨೦೦೬ರಲ್ಲಿ ಅನುಮತಿ ಪಡೆದ ಫೆಂಟನಿಲ್ ಗುಳಿಗೆಯನ್ನು ಕೆನ್ನೆಗೂ ಒಸಡಿಗೂ ನಡುವೆ ಇಡುತ್ತಾರೆ. ಅದು ನೊರೆಯುಕ್ಕಿ ಮೊದಲು ಆಮ್ಲೀಯವಾಗಿ ಕರಗುತ್ತದೆ, ಬಳಿಕ ಕ್ಷಾರದತ್ತ ತಿರುಗಿ ಪೊರೆಯನ್ನು ದಾಟುತ್ತದೆ: ಕಟ್ಟೆಯ ಸುಣ್ಣದ ಉಪಾಯವೇ! ಸುಮಾರು ಅರ್ಧಭಾಗ ಕೆನ್ನೆಯಿಂದ ಹೀರಲ್ಪಡುತ್ತದೆ, ಉಳಿದದ್ದು ಹೊಟ್ಟೆಗಿಳಿಯುತ್ತದೆ. ಇದರ ಅತಿ ಸಣ್ಣ ಗುಳಿಗೆಯಲ್ಲಿ ಗ್ರಾಮಿನ ಹತ್ತುಸಾವಿರದಲ್ಲೊಂದು ಪಾಲು ಔಷಧವಿರುತ್ತದೆ. ಅಫೀಮುವರ್ಗದ ಮದ್ದಿಗೆ ಒಗ್ಗದವರಲ್ಲಿ ಅಷ್ಟೇ ಉಸಿರನ್ನು ಅಡಗಿಸಬಲ್ಲದು. ಆದುದರಿಂದ, ದಿನವೂ ಅಂಥ ಮದ್ದು ಪಡೆಯುತ್ತಿದ್ದೂ ನಡುನಡುವೆ ನೋವು ಉಕ್ಕುವ ಅರ್ಬುದರೋಗಿಗಳಿಗೆ ಮಾತ್ರ ಅದನ್ನು ಕೊಡತಕ್ಕದ್ದು.

೧೯೮೫ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದ ಇಂಥ ಔಷಧಗಳು ನಮ್ಮಲ್ಲಿ ಬಹುಕಾಲ ದುರ್ಲಭವಾಗಿದ್ದವು. ೨೦೧೪ರ ತಿದ್ದುಪಡಿಯು 'ಅಗತ್ಯ ಮಾದಕೌಷಧ'ಗಳೆಂಬ ವರ್ಗವನ್ನು ಕಲ್ಪಿಸಿ ಪರವಾನಗಿಯನ್ನು ಸರಳಗೊಳಿಸಿತು. ಮಾರ್ಫೀನು, ಫೆಂಟನಿಲ್‌ಗಳೆರಡೂ ಅದರಲ್ಲಿ ಸೇರಿವೆ. ನಡುರಾತ್ರಿ ಸೂಜಿ ಹಾಕುವವರು ಸಿಗದ ಹಳ್ಳಿಯಲ್ಲಿ, ನುಂಗಲಾರದ ರೋಗಿಗೆ ಕೆನ್ನೆಯ ದಾರಿ ಎಷ್ಟು ಬೇಕಾದುದೆಂದು ಹೇಳಬೇಕಾಗಿಲ್ಲ. ಆದರೆ ಅಡಿಕೆಯ ಚಟದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿಯೇ ತೆರೆಯದವರಲ್ಲಿ ಆ ದಾರಿಯೂ ಕೆಟ್ಟಿರುತ್ತದೆ. ಕಿರಣಚಿಕಿತ್ಸೆಯಿಂದ ಜೊಲ್ಲು ಬತ್ತಿದವರಲ್ಲಿ ಗುಳಿಗೆ ಕರಗದು. ಅಂಥವರ ಬಾಯನ್ನು ಮೊದಲು ನೀರಿನಿಂದ ತೇವಗೊಳಿಸಬೇಕಾಗುತ್ತದೆ.